ಅತ್ತೆಯ ಬೆರಳಿಗೆ ಒಗ್ಗುವ ಕೀಲಿಮಣೆ

ಬಸವಕಲ್ಯಾಣದಲ್ಲಿ ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವ ಅಂಗಡಿಯಲ್ಲಿ ನನ್ನ ಕೆಲಸ. ದಿನವಿಡೀ ಕೀಲಿಮಣೆ ಬಿಚ್ಚಿ ಜೋಡಿಸುತ್ತೇನೆ. ಟೈಪ್ ಮಾಡುವುದು ಮಾತ್ರ ಎರಡೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಆದರೆ ಯಾರು ಹೇಗೆ ಟೈಪ್ ಮಾಡುತ್ತಾರೆ ಎಂಬುದನ್ನು ಕೈಬಾಯಿಯಲ್ಲಿ ಅಣಕಿಸಿ ತೋರಿಸಬಲ್ಲೆ. ನಮ್ಮ ಮಾಲೀಕರು ಒಂದು ಅಕ್ಷರ ಒತ್ತಿ, ಕನ್ನಡಕ ಏರಿಸಿ, ಮುಂದಿನದು ಕಳುವಾಯಿತೇನೋ ಎಂಬಂತೆ ಹುಡುಕುವುದನ್ನು ಗಿರಾಕಿಗಳೆದುರೇ ಮಾಡುತ್ತೇನೆ. ಮಾಲೀಕರೂ ನಗುತ್ತಾರೆ, ಆಮೇಲೆ ಕಸ ಗುಡಿಸಲು ಹಚ್ಚುತ್ತಾರೆ.

ನಮ್ಮ ಅತ್ತೆಯನ್ನು ಅಣಕಿಸುವುದು ಇನ್ನೂ ಸುಲಭ. ಹುಮನಾಬಾದಿನ ತಹಸೀಲ್ ಕಚೇರಿಯ ಎದುರು ಆಕೆಯದೊಂದು ಸಣ್ಣ ಟೈಪಿಂಗ್ ಅಂಗಡಿಯಿದೆ. ಟೈಪ್‌ರೈಟರಿನ ಮೇಲೆ ಪಳಗಿದ ಕೈ. ಕಂಪ್ಯೂಟರ್ ಬಂದ ಮೇಲೂ ಜೋಳದ ರೊಟ್ಟಿ ಬಡಿದಂತೆಯೇ ಬಡಿಯುತ್ತಾಳೆ. ಅಂಗಡಿಯ ಕೀಲಿಮಣೆಯ ಗುಂಡಿಗಳು ಧೂಳು ಕುಡಿದು ಬಿಗಿದಿದ್ದವು, ಆಕೆ ಇನ್ನಷ್ಟು ಜೋರು ಮಾಡಿದ್ದಳು. ಕೊನೆಗೆ ಬೆರಳಿನ ಗೆಣ್ಣುಗಳು ಬಾತುಕೊಂಡವು. ಕೈಗೆ ಹಗುರಾದ ಕೀಲಿಮಣೆ ನೋಡಿಕೊಳ್ಳಿ, ಇಲ್ಲವೇ ಟೈಪಿಂಗ್ ಬಿಡಿ ಎಂದರು ಡಾಕ್ಟರು. ಬಿಡುವುದೆಂದರೆ ಅಂಗಡಿಗೆ ಬೀಗ. ಅತ್ತೆ ಮರುದಿನವೇ ಬಸ್ಸು ಹತ್ತಿ ಬಂದಳು.

"ಊರಿಗೆಲ್ಲಾ ಲ್ಯಾಪ್‌ಟಾಪ್ ಮಾರ್ತಿ. ಅತ್ತಿಗೊಂದು ಸಿಗಂಗಿಲ್ಲೇನೋ ನಿನ್ನ ಹತ್ರ?"

ನಾನು ತಜ್ಞನ ಗತ್ತಿನಲ್ಲಿ ಅಂಗಡಿಯ ಅತಿ ತೆಳ್ಳಗಿನ ಲ್ಯಾಪ್‌ಟಾಪ್ ತಂದಿಟ್ಟೆ. ಗುಂಡಿ ಮುಟ್ಟಿದರೆ ಸಾಕು, ಇಳಿಯುತ್ತದೆ, ಸದ್ದೇ ಇಲ್ಲ.

"ಬೆಣ್ಣಿ ಅದ ಅತ್ತಿ, ಬೆಣ್ಣಿ!"

ಅತ್ತೆ ತಾನು ದಿನವೂ ಬರೆಯುವ ಅರ್ಜಿಯನ್ನು ಬಾಯಿಪಾಠದಿಂದಲೇ ಹೊಡೆಯತೊಡಗಿದಳು. ಎರಡು ಸಾಲು ಮುಗಿಯುವಷ್ಟರಲ್ಲಿ ಕೈ ಕೊಡವಿದಳು. "ಬೆಣ್ಣಿ ಅಲ್ಲೋ, ಬಂಡಿಗಲ್ಲು. ಮೊದಲಿಗಿಂತ ಜಾಸ್ತಿ ನೋಯಾಕತ್ತದ."

ಇನ್ನೊಂದು ಕೊಟ್ಟೆ. ಅದರ ಗುಂಡಿಗಳು ಅಗಲ, ನುಣುಪು. ಬೆರಳು ಜಾರಿತು, ನೋವು ಜಾರಲಿಲ್ಲ. ಮಾಲೀಕರು ಕೌಂಟರಿನ ಹಿಂದಿನಿಂದ, "ಇವಗ ಕೇಳಬ್ಯಾಡ್ರಿ ಅಕ್ಕಾರ, ಎರಡು ಬೆರಳಿನ ಸಾಹೇಬ ಇವ" ಎಂದರು.

ಸೋತವನಿಗೆ ಕುಚೇಷ್ಟೆಯೇ ಗತಿ. ಅತ್ತೆ ಮತ್ತೆ ಆ ತೆಳ್ಳಗಿನದನ್ನು ಎಳೆದುಕೊಂಡಾಗ ಪಕ್ಕದಲ್ಲಿ ನಿಂತು ಆಕೆಯ ಟೈಪ್‌ರೈಟರಿನ ಅಣಕ ಶುರು ಮಾಡಿದೆ. ಆಕೆಯ ಒಂದೊಂದು ಬೆರಳಿಗೆ ನಾಲಿಗೆಯಿಂದ ಟಕ್, ಸಾಲು ಮುಗಿದಾಗ ಟಿಂಗ್. ಮಾಲೀಕರು ಬಿದ್ದು ನಕ್ಕರು. ಬೈಗುಳಕ್ಕೆ ತಯಾರಾಗಿ ನಾನು ಬಾಯಿ ಮುಚ್ಚಿದೆ.

"ಯಾಕ ನಿಂದರಿಸಿದಿ? ಮಾಡು ಮಾಡು!"

ಮಾಡಿದೆ. ಆಗ ಆಕೆಯ ಕೈ ನೋಡಿದೆ. ನಾನು ಟಕ್ ಎನ್ನುವಾಗ ಬೆರಳು ಹಗುರಾಗಿ ಮುಟ್ಟಿ ಏಳುತ್ತಿತ್ತು. ಸುಮ್ಮನಾದರೆ ಗುಂಡಿಯನ್ನು ತಳಕ್ಕೆ ಗುದ್ದುತ್ತಿತ್ತು.

"ಆವಾಜ್ ಬರದಿದ್ರ ಅಕ್ಷರ ಬಿದ್ದದಂತ ಭರೋಸಾನೇ ಬರಂಗಿಲ್ಲೋ ನನಗ," ಎಂದಳು ಅತ್ತೆ, ತನಗೇ ಅದು ಹೊಸ ಸುದ್ದಿ ಎಂಬಂತೆ.

ಗುಂಡಿ ಮೆತ್ತಗಿರುವುದೇ ಸುಖ ಎಂದು ನಾನು ತಿಳಿದಿದ್ದೆ. ಟೈಪ್‌ರೈಟರಿನಲ್ಲಿ ಕಲಿತವರಿಗೆ ಸದ್ದಿಲ್ಲದ ಗುಂಡಿ ಉತ್ತರ ಕೊಡದ ಮನುಷ್ಯನ ಹಾಗೆ: ಮತ್ತೆ ಮತ್ತೆ ಜೋರಾಗಿ ಕೇಳುತ್ತಾರೆ.

"ಹಂಗಂತ ದಿನಾ ಹುಮನಾಬಾದಿಗೆ ಬಂದು ಟಕ್ ಟಕ್ ಅನ್ನಾಕ ನನ್ನಿಂದ ಆಗಂಗಿಲ್ಲತ್ತಿ."

"ಯಾರ್ ಕರದಾರ ನಿನಗ? ಗಿರಾಕಿ ಓಡಿ ಹೋಗ್ತಾರ."

ಬಿಡಿಭಾಗಕ್ಕೆಂದು ಇಟ್ಟಿದ್ದ ಹಳೆಯ ದಪ್ಪ ಲ್ಯಾಪ್‌ಟಾಪೊಂದು ಅಟ್ಟದ ಮೇಲಿತ್ತು. ಆಳವಾಗಿ ಇಳಿಯುವ ಗುಂಡಿಗಳು, ಅರ್ಧ ಇಳಿದಾಗಲೇ ಟಕ್ ಎನ್ನುತ್ತಿದ್ದವು. ಬ್ಯಾಟರಿ ಸತ್ತಿತ್ತು; ಚಾರ್ಜರಿನ ತಂತಿ ಚುಚ್ಚಿದರೆ ನಡೆಯುತ್ತಿತ್ತು. ಅತ್ತೆ ಒಂದು ಸಾಲು ಹೊಡೆದಳು, ಮತ್ತೊಂದು ಹೊಡೆದಳು. ತಂತಿ ಸಮೇತ ಅದನ್ನು ಚೀಲಕ್ಕೆ ತುರುಕಿದಳು.

ಕೆಲವು ದಿನಗಳ ಮೇಲೆ ಅದಕ್ಕೆ ಇನ್ನೊಂದು ಚಾರ್ಜರ್ ಕೊಡಲು ಹುಮನಾಬಾದಿಗೆ ಹೋದೆ. ಗೆಣ್ಣಿನ ಬಾವು ಪೂರ್ತಿ ಇಳಿದಿರಲಿಲ್ಲ. ಹತ್ತಿರದ ಹುಡಗಿ ಎಂಬ ಹಳ್ಳಿಯ ರೈತರೊಬ್ಬರು ಪಹಣಿ ತಿದ್ದುಪಡಿಯ ಅರ್ಜಿ ಹೇಳುತ್ತಿದ್ದರು, ಅತ್ತೆ ಹೊಡೆಯುತ್ತಿದ್ದಳು. ನನ್ನ ಕಣ್ಣು ಪರದೆಯ ಮೇಲಿರಲಿಲ್ಲ, ಆಕೆಯ ಬೆರಳುಗಳ ಮೇಲಿತ್ತು. ಪುಟ ಮುಗಿಯುವವರೆಗೂ ಆಕೆ ಒಮ್ಮೆಯೂ ಕೈ ಕೊಡವಲಿಲ್ಲ.

"ಆಯ್ತೇನ್ರಿ ಅಕ್ಕಾರ?" ಎಂದರು ರೈತರು.

"ಆಯ್ತ್ರಿ, ಸಹಿ ಮಾಡ್ರಿ," ಎಂದು ಹಾಳೆ ಅವರ ಕೈಗಿತ್ತು, ಅತ್ತೆ ಬಾಗಿಲಿನತ್ತ ಕತ್ತು ಚಾಚಿದಳು. "ಹೊರಗ ಯಾರದೀರಿ? ಮುಂದಿನವ್ರು ಬರ್ರಿ."