ಗುಂಪಿನಕ್ಕ ಕೇಳಿದ ಕಣ್ಣಿನ ಕೋಣೆ

ಹೋದ ವಾರ ಮದುವೆಗೆಂದು ಕಂಪ್ಲಿಗೆ ಹೋಗಿದ್ದೆ. ಬಸ್ಸು ಅಕ್ಕಿ ಗಿರಣಿಗಳ ಸಾಲಿನ ಮುಂದೆ ನಿಂತಾಗ ಬೇಯಿಸಿದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ಬಂತು. ಬಿಸಿಯಾದ, ತುಸು ಹುಳಿಯಾದ ವಾಸನೆ... ಪಕ್ಕದಲ್ಲಿ ಕೂತವರು ಮೂಗಿಗೆ ಸೆರಗು ಹಿಡಿದರು. ನನಗೆ ಮಾತ್ರ ಗುಂಪಿನಕ್ಕ ನೆನಪಾದಳು.

ನಾನು ಹೊಸಪೇಟೆಯ ಚಿತ್ತವಾಡ್ಗಿಯವಳು. ನರ್ಸ್ ಕೆಲಸ ಸಿಕ್ಕಿ ಮೊದಲು ಹೋದದ್ದು ಕಂಪ್ಲಿ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ. ಸುತ್ತಲೂ ಕಾಲುವೆ ನೀರಿನ ಭತ್ತದ ಗದ್ದೆ. ನಾಟಿ, ಕಳೆ, ಕೊಯ್ಲು ಎಲ್ಲವನ್ನೂ ಹೆಂಗಸರ ಗುಂಪುಗಳು ಗುತ್ತಿಗೆ ಹಿಡಿದು ಮಾಡುತ್ತಿದ್ದವು. ಅಂಥ ಒಂದು ಗುಂಪನ್ನು ನಡೆಸುತ್ತಿದ್ದವಳು ಅವಳು. ಊರಿಗೆಲ್ಲ ಗುಂಪಿನಕ್ಕ. ಎತ್ತರದ ಹೆಂಗಸು, ಗಟ್ಟಿ ಗಂಟಲು. ಗದ್ದೆಯ ಈ ಬದುವಿನಿಂದ ಕೂಗಿದರೆ ಆ ಬದುವಿನಲ್ಲಿದ್ದವರು ತಲೆ ಎತ್ತಬೇಕು, ಹಾಗೆ.

ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಬಂದು ಭತ್ತ ಮಲಗಿಬಿಟ್ಟಿತು. ಕೆಲವರು ತರಿಸುತ್ತಿದ್ದ ಕೊಯ್ಲಿನ ಮಷಿನ್ನೂ ಇಳಿಯುವಂತಿರಲಿಲ್ಲ. ಕೈಯಲ್ಲೇ ಕೊಯ್ಯುವಾಗ ತೆನೆಯೊಂದು ಅವಳ ಎಡಗಣ್ಣಿಗೆ ಬಡಿಯಿತು. ಸಣ್ಣದು ಎಂದುಕೊಂಡಳು. ಗುಂಪಿನ ಬಾಣಂತಿಯೊಬ್ಬಳು ಎದೆಹಾಲು ಹಿಂಡಿದಳು. ಅದಾದ ಮೇಲೆ ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್. ನಮ್ಮಲ್ಲಿಗೆ ಬರುವಷ್ಟರಲ್ಲಿ ಕಣ್ಣು ಕೆಂಡವಾಗಿತ್ತು. ನಮ್ಮಲ್ಲಾದರೂ ಏನಿತ್ತು? ಗೋಡೆಯ ಮೇಲೆ ಅಕ್ಷರ ಮಾಸಿದ ಕಣ್ಣಿನ ಪಟ, ಅಷ್ಟೇ. ಡಾಕ್ಟರು ಕೂಡಲೇ ಬಳ್ಳಾರಿಗೆ ಹೋಗೆಂದು ಬರೆದುಕೊಟ್ಟರು. ಅವಳು ಹೋದಳು. ಆದರೆ ಹೊತ್ತು ಮೀರಿತ್ತು. ಕಣ್ಣಲ್ಲಿ ಬಿಳಿ ಹೂ ಬಿತ್ತು, ದೃಷ್ಟಿ ಹೋಯಿತು.

ತಿರುಗಿ ಬಂದಾಗ ಅಳುತ್ತಾಳೆಂದು ನಾನು ನೀರು ತಂದಿಟ್ಟೆ. ಅವಳು ಲೋಟ ಮುಟ್ಟಲಿಲ್ಲ. ನೇರ ಡಾಕ್ಟರ ಮುಂದೆ ಕೂತಳು.

"ನನ್ನ ಕಣ್ಣು ಕೇಳಾಕ ಬಂದಿಲ್ರಿ ಸಾಹೇಬ್ರ. ಅದು ಹೋತು. ನಮ್ಮ ಹುಡುಗ್ಯಾರ ಕಣ್ಣಿಗೆ ಏನ್ ಮಾಡ್ತೀರಿ, ಅದನ್ನ ಹೇಳ್ರಿ."

ಡಾಕ್ಟರು ಕೆಟ್ಟವರಲ್ಲ. "ಇದು ಸಣ್ಣ ಆಸ್ಪತ್ರೆಯಮ್ಮ. ಕಣ್ಣಿಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕು" ಎಂದರು.

"ಗದ್ದಿ ಇಲ್ಲೇ ಐತಿ, ಕಣ್ಣಿಗೆ ಬಡಿಯೋದೂ ಇಲ್ಲೇ. ಔಷಧ ಅಷ್ಟ ಬಳ್ಳಾರ್ಯಾಗ ಯಾಕ್ರಿ?"

ಡಾಕ್ಟರು, ಸಮಿತಿಯನ್ನು ಕೇಳು ಎಂದರು. ಆಸ್ಪತ್ರೆಯ ಸಮಿತಿಯಲ್ಲಿದ್ದವರು ಊರಿನ ದೊಡ್ಡ ಹಿಡುವಳಿದಾರರು. ಸಭೆ ನಡೆದಿದ್ದಾಗ ಅವಳು ಒಳಗೆ ಬಂದಳು. ಹಿಂದೆ ಅವಳ ಗುಂಪು, ಎಲ್ಲರ ಕಾಲಲ್ಲೂ ಕೆಸರು. ಅಲ್ಲಿ ಮಾತು ನಡೆದದ್ದು ಗೇಟಿನ ಮೇಲೆ ಕಮಾನು ಕಟ್ಟಿಸುವ ಬಗ್ಗೆ. ಅವಳು, ಒಂದು ಕೋಣೆ, ಕಣ್ಣು ನೋಡುವ ದೀಪ, ಔಷಧ ಬೇಕು, ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಿಂದ ನೇತ್ರಾಧಿಕಾರಿ ಬರಬೇಕು ಎಂದಳು. ಅಧ್ಯಕ್ಷರು ನಕ್ಕರು. "ನೋಡೋಣ ತಗೋ, ಮುಂದಿನ ವರ್ಷ."

"ಹಂಗಾದ್ರ ನಿಮ್ಮ ನಾಟೀನೂ ಮುಂದಿನ ವರ್ಷ ನೋಡೋಣ ತಗೋರಿ" ಎಂದಳು ಗುಂಪಿನಕ್ಕ.

ಯಾರೂ ಅದನ್ನು ನಿಜವೆಂದು ಎಣಿಸಲಿಲ್ಲ. ಕಾಲುವೆಗೆ ನೀರು ಬಿಟ್ಟರು. ಮಡಿಯಲ್ಲಿ ಸಸಿ ಬಲಿತು ನಾಟಿಗೆ ಕಾದು ನಿಂತಿತು. ಸಮಿತಿಯವರ ಗದ್ದೆಗೆ ಗುಂಪು ಇಳಿಯಲೇ ಇಲ್ಲ. ಆ ಹೆಂಗಸರ ಮನೆಯಲ್ಲಿ ಒಲೆ ಹೇಗೆ ಉರಿಯಿತೋ, ನನಗೆ ಗೊತ್ತಿಲ್ಲ... ಒಬ್ಬಿಬ್ಬರ ಗಂಡಂದಿರು ಅವಳ ಮನೆ ಮುಂದೆ ನಿಂತು ಬೈದದ್ದು ಗೊತ್ತು. ಅವಳು ಬಾಗಿಲಲ್ಲಿ ಕೂತು ಅಷ್ಟನ್ನೂ ಕೇಳಿಸಿಕೊಂಡಳಂತೆ. ಎದ್ದು ಒಳಗೆ ಹೋಗಲಿಲ್ಲವಂತೆ.

ಕೊನೆಗೆ ಅಧ್ಯಕ್ಷರು ಹೊಳೆಯಾಚೆಯಿಂದ ಬೇರೆ ಗುಂಪು ಕರೆಸಿದರು. ಅವತ್ತು ಬೆಳಿಗ್ಗೆ ನಾನು ಚುಚ್ಚುಮದ್ದಿನ ಡಬ್ಬಿ ಹಿಡಿದು ಅದೇ ದಾರಿಯಲ್ಲಿ ಹೊರಟಿದ್ದೆ, ಕಣ್ಣಾರೆ ಕಂಡೆ. ಟ್ರ್ಯಾಕ್ಟರ್ ತುಂಬ ಹೆಂಗಸರು. ಕಾಲುವೆ ಏರಿಯ ಮೇಲೆ ಗುಂಪಿನಕ್ಕ ಒಬ್ಬಳೇ ಅಡ್ಡ ನಿಂತಿದ್ದಳು. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಇವಳು ಕದಲಲಿಲ್ಲ. ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿ, ಆ ಬಿಳಿ ಕಣ್ಣನ್ನು ಅವರ ಕಡೆ ತಿರುಗಿಸಿದಳು.

"ನೋಡ್ರವ್ವಾ. ನೀವೂ ಇದ ಕೆಲಸ ಮಾಡಾವ್ರು. ನೋಡಿ ಆಮ್ಯಾಲ ಗದ್ದಿಗೆ ಇಳೀರಿ, ನಾ ಬ್ಯಾಡ ಅನ್ನಂಗಿಲ್ಲ."

ಟ್ರ್ಯಾಕ್ಟರಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು ಮೊದಲು ಇಳಿದಳು. ಹತ್ತಿರ ಬಂದು ಆ ಕಣ್ಣನ್ನು ನೋಡಿದಳು. ಬಳಿಕ ಇವಳ ಪಕ್ಕದಲ್ಲೇ ಏರಿಯ ಮೇಲೆ ಕೂತುಬಿಟ್ಟಳು. ಒಬ್ಬೊಬ್ಬರಾಗಿ ಉಳಿದವರೂ ಇಳಿದು ಕೂತರು. ಅವತ್ತು ಯಾರೂ ಗದ್ದೆಯ ನೀರಿಗೆ ಕಾಲಿಡಲಿಲ್ಲ.

ಅಧ್ಯಕ್ಷರು ಆ ಸಂಜೆಯೇ ಡಾಕ್ಟರ ಬಳಿ ಬಂದು ಒಪ್ಪಿಕೊಂಡರು. ಬ್ಲೀಚಿಂಗ್ ಪೌಡರಿನ ಚೀಲ, ಮುರಿದ ಮಂಚ ತುಂಬಿದ್ದ ಕೋಣೆ ಖಾಲಿಯಾಯಿತು, ಗುಂಪು ನಾಟಿಗೆ ಇಳಿಯಿತು. ಡಾಕ್ಟರು ಓಡಾಡಿ ನೇತ್ರಾಧಿಕಾರಿಯನ್ನು ವಾರಕ್ಕೊಮ್ಮೆ ಕರೆಸಿಕೊಂಡರು. ಆತ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟ: ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ಸೋಕಿಸಿ ನೀಲಿ ಬೆಳಕು ಬಿಟ್ಟರೆ, ಗೀರಿದ ಜಾಗ ಹಸಿರಾಗಿ ಹೊಳೆಯುತ್ತದೆ. ಯಾವುದಕ್ಕೆ ಇಲ್ಲೇ ಔಷಧ ಹಾಕಬೇಕು, ಯಾವುದನ್ನು ಅವತ್ತೇ ಬಳ್ಳಾರಿಗೆ ಕಳಿಸಬೇಕು, ಎಲ್ಲವನ್ನೂ.

ಮುಂದಿನ ಕೊಯ್ಲಿನಲ್ಲಿ ಗುಂಪಿಗೆ ಹೊಸದಾಗಿ ಸೇರಿದ್ದ ಸೊಸೆಯೊಬ್ಬಳ ಕಣ್ಣಿಗೆ ತೆನೆ ತಾಗಿತು. ಗುಂಪಿನಕ್ಕ ಅವಳ ರಟ್ಟೆ ಹಿಡಿದು ಗದ್ದೆಯಿಂದ ನೇರ ಕರೆತಂದಳು. ನಾನು ದೀಪ ಬಿಟ್ಟೆ. ಕಪ್ಪುಗುಡ್ಡೆಯ ಅಂಚಿನಲ್ಲಿ ಕೂದಲೆಳೆಯಂಥ ಹಸಿರು ಗೆರೆ.

"ನನಗೂ ತೋರ್ಸ್ರಿ ನರ್ಸಮ್ಮ" ಎಂದಳು. ಉಳಿದ ಒಂದು ಕಣ್ಣಿನಿಂದ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟ ಏನ್ರಿ?"

"ಇಷ್ಟೇ ಅಕ್ಕ."

"ಇಷ್ಟಕ್ಕ ಹೋತನ್ರಿ ನನ್ನ ಕಣ್ಣು..."

ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. ಕೋಣೆಯ ಮೂಲೆಗೆ ಮುಖ ಮಾಡಿ ನಿಂತಳು. ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು, "ಔಷಧ ಹಾಕ್ರಿ, ಜಲ್ದಿ" ಎಂದಳು. ಆ ಹುಡುಗಿಯ ಕಣ್ಣು ಪೂರ್ತಿ ವಾಸಿಯಾಯಿತು.

ನನಗೆ ವರ್ಗವಾಯಿತು. ಗುಂಪಿನಕ್ಕ ಎದೆನೋವಿನಿಂದ ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ಅವಳ ತಿಥಿಯ ದಿನಗಳೂ ಕಳೆದಿದ್ದವು. ಹೋಗಿ ಮಣ್ಣು ಹಾಕಲೂ ಆಗಲಿಲ್ಲ.

ಈಗ ನಾನಿರುವುದು ಸಂಡೂರು ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ. ಇಲ್ಲಿ ಕಣ್ಣಿಗೆ ಬೀಳುವುದು ಅದಿರಿನ ಧೂಳು, ಕಲ್ಲಿನ ಚೂರು. ಅದಕ್ಕೆಂದೇ ಇಲ್ಲೂ ಒಂದು ಕೋಣೆ ಮಾಡಿಕೊಂಡಿದ್ದೇನೆ. ಮೊನ್ನೆ ಮೇಲಿನವರೊಬ್ಬರು ಬಂದು, ಕಣ್ಣು ನೋಡುವ ಕೋಣೆಯನ್ನು ಕಂಪ್ಯೂಟರಿಗೆ ಬಿಟ್ಟುಕೊಡಿ ಎಂದರು. ಕೊಡುವುದಿಲ್ಲ ಎಂದೆ. ಮೆಮೊ ಕೊಡುತ್ತೇನೆ ಎಂದರು. ಕೊಡ್ರಿ ಎಂದೆ. ಧೈರ್ಯ ಪೂರ್ತಿ ಇತ್ತೆಂದು ಸುಳ್ಳು ಹೇಳುವುದಿಲ್ಲ. ಹಿಂದೆ ತಿರುಗಿ ನೋಡಿದರೆ ಜೊತೆಗೆ ನಿಲ್ಲಲು ಅವಳಿಲ್ಲ. ಆ ಎತ್ತರ, ಆ ಗಂಟಲು ನನಗೆ ಬರಲಾರದು.

ಅವರು ಹೋದ ಮೇಲೆ ನನ್ನ ಮೇಜು, ಕುರ್ಚಿ ಎರಡನ್ನೂ ಆ ಕೋಣೆಯೊಳಕ್ಕೆ ಎಳೆದು ಹಾಕಿಕೊಂಡೆ. ಮೆಮೊ ಇನ್ನೂ ಬಂದಿಲ್ಲ. ಬಂದರೂ ನಾನು ಸಿಗುವುದು ಅಲ್ಲೇ.