ಗೋಲಿಯಿಲ್ಲದೆ ಬಿಟ್ಟ ಗಾಡಿ

ಹುಲುಗಪ್ಪನ ಬೆಸುಗೆ ಬಿಟ್ಟಿರಲಿಲ್ಲ. ಬಿಟ್ಟಿತು ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಅದೇ ಮನುಷ್ಯನ ಎದುರು ಕೂತು ಪ್ರತಿ ಭಾನುವಾರ ಚಹಾ ಕುಡಿದೆ. ಹೋದ ಭಾನುವಾರ ಅವನಿಗೆ ನಿಜ ಹೇಳಿದೆ. ಇವತ್ತು ಬರೆಯುತ್ತಿದ್ದೇನೆ — ಸುಳ್ಳನ್ನು ನಾಲ್ಕು ಜನರ ಎದುರು ಹೇಳಿ, ನಿಜವನ್ನು ಮಾತ್ರ ಅವನೊಬ್ಬನ ಕಿವಿಗೆ ಹಾಕಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ನಾನು ಕುರುಗೋಡಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಮನೆ ಬಳ್ಳಾರಿಯಲ್ಲಿ. ಹುಲುಗಪ್ಪ ಜೀನ್ಸ್ ಹೊಲಿಯುವ ಕಾರ್ಖಾನೆಗಳಲ್ಲಿ ಮಷಿನ್ ರಿಪೇರಿ ಮಾಡುವವನು. ಇಬ್ಬರಿಗೂ ಆಟಿಕೆ ರೈಲಿನ ಹುಚ್ಚು. ಆಟಿಕೆ ಎಂದರೆ ಅವನಿಗೆ ಸಿಟ್ಟು, ಮಾದರಿ ರೈಲು ಎನ್ನಬೇಕು. ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ರೈಲು ನಮ್ಮ ಮನೆಯಲ್ಲಿ ಮಾತ್ರ ಇದೆ. ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಓಡಾಡಿದ ದಾರಿಗೆ ನಾನು ಪ್ಲೈವುಡ್ ಮೇಲೆ ಹಳಿ ಹಾಕಿಸಿಕೊಂಡೆ. ಪಡಸಾಲೆಯಲ್ಲಿ ಬಳ್ಳಾರಿ, ಕುರುಗೋಡು. ಗೋಡೆಯ ಕಿಂಡಿಯಾಚೆ, ಮಲಗುವ ಕೋಣೆಯಲ್ಲಿ, ಸಿರುಗುಪ್ಪ ಮತ್ತು ಅದರ ಭತ್ತದ ಗದ್ದೆಗಳು. ಆ ಕಿಂಡಿ ಕೊರೆದಾಗ ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು.

ಗೋಡೆಯಾಚೆಯ ಹಳಿಯ ಕರೆಂಟು ಸಿರುಗುಪ್ಪದಲ್ಲಿ ಕೂತ ಹುಲುಗಪ್ಪನ ಕೈಯಲ್ಲಿ, ಈಚೆಯದು ಕುರುಗೋಡಿನಲ್ಲಿ ಕೂತ ನನ್ನ ಕೈಯಲ್ಲಿ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಒಂದು ಗೋಲಿ — ಹಳೇ ಬೇರಿಂಗಿನಿಂದ ತೆಗೆದ ಉಕ್ಕಿನ ಗುಂಡು. ಒಂಟಿ ಹಳಿಯ ದಾರಿಯಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬರದಿರಲಿ ಎಂದು ಡ್ರೈವರಿಗೆ ಗುಂಡು ಕೊಡುತ್ತಿದ್ದರಲ್ಲ, ಹಾಗೆ. ಗೋಲಿ ಯಾವ ಸ್ಟೇಷನ್ನಿನಲ್ಲಿದೆಯೋ ಅಲ್ಲಿಂದ ಮಾತ್ರ ಗಾಡಿ ಹೊರಡಬೇಕು. ಗಾಡಿಯ ಜೊತೆಗೇ ಗೋಲಿ ಈ ಕಡೆ ಬಂದ ಮೇಲೆ ನನ್ನ ಸರದಿ. ಈ ನಿಯಮ ಮಾಡಿದ ಮಹಾನುಭಾವ ನಾನೇ.

ಆರು ವರ್ಷದ ಹಿಂದೆ, ಅವತ್ತು ಬೆಳಿಗ್ಗೆ, ಕುಡತಿನಿಯಿಂದ ಇದೇ ಹುಚ್ಚಿನ ಇಬ್ಬರು ನೋಡಲು ಬಂದಿದ್ದರು. ಹುಲುಗಪ್ಪ ಎಂಟು ತಿಂಗಳು ಕೂತು ಹಿತ್ತಾಳೆ ತಗಡಿನಲ್ಲಿ ಒಂದು ಉಗಿ ಎಂಜಿನ್ ಮಾಡಿದ್ದ. ಅದರ ಮುಂದೆ ಧಕ್ಕೆ ತಡೆಯುವ ಬಫರುಗಳು ಜೀನ್ಸ್ ಪ್ಯಾಂಟಿನ ರಿವೆಟ್ಟುಗಳು. ಬಂದವರು ಸಿರುಗುಪ್ಪ ಬಿಟ್ಟು ಏಳಲೇ ಇಲ್ಲ. "ಏನ್ ಕೈಯಪ್ಪಾ ನಿಂದು!" ಎನ್ನುವುದು ಕಿಂಡಿಯಿಂದ ಕೇಳಿಸುತ್ತಿತ್ತು. ಗೋಣಿತಟ್ಟು ಅಂಟಿಸಿ ನಾನು ಮಾಡಿದ ಕುರುಗೋಡಿನ ಗುಡ್ಡವನ್ನು ಯಾರೂ ಕೇಳಲಿಲ್ಲ. ನನಗೆ ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರಿಲ್ಲ. ನನ್ನ ಗಾಡಿಯೂ ಅವರ ಕಣ್ಣಿಗೆ ಬೀಳಲಿ ಎಂದು, ಗೋಲಿ ಬರುವ ಮೊದಲೇ ಬಿಟ್ಟೆ.

ಅದೇ ಹೊತ್ತಿಗೆ ಹುಲುಗಪ್ಪ, ಎಂಜಿನ್ನಿನಲ್ಲಿ ಗೋಲಿ ಇಟ್ಟು, ನಿಯಮದ ಪ್ರಕಾರ ಅದನ್ನು ಬಿಟ್ಟಿದ್ದ. ಕಿಂಡಿಯ ಬಾಯಲ್ಲಿ ಎರಡಕ್ಕೂ ಡಿಕ್ಕಿ. ಅವನದು ನನ್ನ ಕಡೆ ಉರುಳಿ ಕಡಪ ಕಲ್ಲಿನ ನೆಲಕ್ಕೆ ಬಿತ್ತು; ಮುಂದಿನ ಚಕ್ರಗಳು ಕಳಚಿಕೊಂಡವು. ಅವನು ಎದ್ದು ಬರುವಷ್ಟರಲ್ಲಿ ನನ್ನ ಗಾಡಿಯನ್ನು ಹಿಂದಕ್ಕೆ ತಂದು ಪ್ಲಾಟ್‌ಫಾರ್ಮಿಗೆ ನಿಲ್ಲಿಸಿದ್ದೆ. ಕಾಲ ಬಳಿ ಉರುಳಿ ಬಂದ ಗೋಲಿ ನನ್ನ ಜೇಬಿನಲ್ಲಿತ್ತು. ಬೆರಳಿಗೆ ಅಷ್ಟು ಚುರುಕು ಎಲ್ಲಿಂದ ಬಂತೋ...

"ನಿನ್ನ ಬೆಸುಗಿ ಬಿಟ್ಟೈತಿ ನೋಡಪ್ಪ. ಚಕ್ರ ಕಳಚಿ ಗಾಡಿ ಬಿತ್ತು," ಎಂದೆ. ಬಂದವರಿಬ್ಬರೂ ಕೇಳಿಸಿಕೊಂಡರು.

ಹುಲುಗಪ್ಪ ವಾದ ಮಾಡಲಿಲ್ಲ. ಎಂಜಿನ್ನನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕಪಾಟಿನಲ್ಲಿಟ್ಟ. "ನನ್ನ ಕೈ ಹೋತು ಮೇಷ್ಟ್ರ," ಎಂದ. ಆಮೇಲೆ ಒಂದು ರೈಲು ಡಬ್ಬಿಯನ್ನೂ ಮಾಡಲಿಲ್ಲ. ಬರುತ್ತಿದ್ದ, ಅಂಗಡಿಯಲ್ಲಿ ಕೊಂಡ ಗಾಡಿ ಓಡಿಸುತ್ತಿದ್ದ, ಹೋಗುತ್ತಿದ್ದ. ಕಾರ್ಖಾನೆಯಲ್ಲೂ ನಾಜೂಕು ಕೆಲಸ ಬಂದರೆ ಬೇರೆಯವರಿಗೆ ಬಿಡುತ್ತಿದ್ದನಂತೆ. ನಾನು — ಮುಂದಿನ ವಾರ ಹೇಳೋಣ, ಹಬ್ಬ ಕಳೆಯಲಿ, ಅವನ ಮಗಳ ಮದುವೆ ಮುಗಿಯಲಿ... ಹೀಗೇ ಆರು ವರ್ಷ.

ಹೋದ ಭಾನುವಾರ ಅವನು ತನ್ನ ಸೋಲ್ಡರಿಂಗ್ ಐರನ್ ತಂದು ನನ್ನ ಮೇಜಿನ ಮೇಲಿಟ್ಟ. "ಇದನ್ನ ಯಾರಿಗಾದ್ರೂ ಕೊಡ್ರಿ ಮೇಷ್ಟ್ರ. ನನ್ನ ಹತ್ರ ಸುಮ್ನ ಬಿದ್ದೈತಿ."

ಒಳಗೆ ಹೋಗಿ ಡ್ರಾಯರಿನಿಂದ ಗೋಲಿ ತಂದೆ. ಅವನ ಅಂಗೈಯಲ್ಲಿಟ್ಟೆ. ಎಲ್ಲ ಹೇಳಿದೆ — ಹೊಟ್ಟೆಕಿಚ್ಚನ್ನೂ.

ಅವನು ನನ್ನ ಮುಖ ನೋಡಲಿಲ್ಲ. ಕಪಾಟು ತೆಗೆದು, ಟವೆಲ್ ಬಿಚ್ಚಿ, ಎಂಜಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ತಗಡು ಹರದೈತಿ. ಬೆಸುಗಿ ಹಂಗ ಐತಿ ನೋಡ್ರಿ." ಆಮೇಲೆ ಮೆಲ್ಲಗೆ, "ಆರು ವರ್ಷ ಇದನ್ನ ಬಿಚ್ಚಿ ನೋಡ್ಲಿಲ್ಲ ನಾನು. ನೀವು ಹೇಳಿದ್ರಲ್ಲ, ಅದಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನಾನು ಅತ್ತೆ. ಅವನು ಐರನ್ನನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದ. ಬಾಗಿಲಲ್ಲಿ ನಿಂತು, "ಗಾಡಿ ಬಿಡೋದು ಇನ್ನ ನಿಮಗ ಬ್ಯಾಡ. ಕೊಳಗಲ್ಲು ಗೇಟಿನಾಗ ಕುಂದರ್ರಿ," ಎಂದ.

ಕೊಳಗಲ್ಲು ಗೇಟು ಎಂದರೆ ನಮ್ಮ ಹಲಗೆಯ ಮೇಲೆ, ಹಳಿ ದಾಟುವ ರಸ್ತೆಗೆ ಅಡ್ಡ, ಬೆಂಕಿಕಡ್ಡಿಯಷ್ಟುದ್ದದ ಎರಡು ಕೋಲು; ದಾರ ಎಳೆದರೆ ಏಳುತ್ತವೆ, ಬಿಟ್ಟರೆ ಬೀಳುತ್ತವೆ. ಇವತ್ತು ಮತ್ತೆ ಭಾನುವಾರ; ಹುಲುಗಪ್ಪ ಚೀಲ ಹಿಡಿದು ಬಂದು ಸಿರುಗುಪ್ಪದಲ್ಲಿ ಕೂತ, ನಾನು ಬೆಳಿಗ್ಗೆಯೆಲ್ಲ ದಾರ ಎಳೆದೆ, ಬಿಟ್ಟೆ. "ಏನ್ರೀ, ಸಿಳ್ಳು ಹೊಡಿಯಾಕ ಹತ್ತೀರಿ?" ಎಂದು ಹೆಂಡತಿ ನಕ್ಕಳು. ಹೌದು, ಅಷ್ಟು ಹಗುರಾಗಿದ್ದೇನೆ, ಮುಚ್ಚಿಡುವುದಿಲ್ಲ. ಆದರೆ ಹಗುರಾದವನು ನಾನು, ಆರು ವರ್ಷ ಕಳೆದುಕೊಂಡವನು ಅವನು. ಅದನ್ನು ಯಾವ ಮಾತಿನಿಂದಲೂ ತುಂಬಿಕೊಡಲಾರೆ.

ಕಿಂಡಿಯಾಚೆಯಿಂದ ಬೆಸುಗೆಯ ಹೊಗೆಯ ವಾಸನೆ ಬರುತ್ತಿತ್ತು. ಗೋಲಿ ಅವನ ಜೇಬಿನಲ್ಲಿದೆ. ನಾನು ಕೇಳಿಲ್ಲ. ಅವನಾಗಿ ಕೊಡುವವರೆಗೆ ಗೇಟು ಕಾಯುತ್ತೇನೆ.