ಕಾಲಿಗೆ ಹೋದ ನೀರು

ತಾಲ್ಲೂಕಿನ ಸಾಹೇಬರು ಒಂದು ತಂಬಿಗೆ ಹಳ್ಳದ ನೀರು ಕುಡಿಯುವುದು ಇನ್ನೂ ಬಾಕಿ ಇದೆ. ನಿಜಾಮರ ಸರ್ಕಾರ ಹೋಯಿತು, ಸಾಹೇಬರು ಎಲ್ಲಿಗೋ ಬದಲಿಯಾಗಿ ಹೋದರು, ಗುರುಲಿಂಗಮ್ಮ ಸತ್ತಳು. ಬಾಕಿ ಮಾತ್ರ ಹಾಗೇ ಇದೆ.

ಗುರುಲಿಂಗಮ್ಮ ಮಖ್ತಲ್ ಕಡೆಯ ನಮ್ಮೂರ ಹೆಣ್ಣುಮಗಳು. ಗಂಡ ಇರಲಿಲ್ಲ. ಹಳ್ಳದ ದಂಡೆಗೆ ಉಳ್ಳಾಗಡ್ಡಿ ಬೆಳೆಯುವ ಒಂದು ತುಂಡು ಹೊಲ. ಬೇಸಿಗೆ ಬಂದರೆ ರೈಲು ಸ್ಟೇಷನ್ನಿನ ದಾರಿಯಲ್ಲಿ, ಬೇವಿನ ಮರದ ಕೆಳಗೆ ಅರವಟಿಗೆ ಇಡುತ್ತಿದ್ದಳು. ಗಡಿಗೆಗಳನ್ನು ಮರಳಿನಲ್ಲಿ ಹುಗಿದು, ಬಾಯಿಗೆ ಬಟ್ಟೆ ಕಟ್ಟಿ, ದಾರಿಹೋಕರಿಗೆ ನೀರು ಕೊಡುವುದು. ಅತ್ತೆಯಿಂದ ಬಂದ ಹರಕೆ. ಅದಕ್ಕೊಂದು ಕಟ್ಟು ಇತ್ತು: ಮನೆಯವರು ಏನು ಬೇಕಾದರೂ ಕುಡಿಯಲಿ, ಅರವಟಿಗೆಗೆ ಮಾತ್ರ ಗುಡ್ಡದಾಚೆಯ ಮಠದ ಬಾವಿಯ ಸಿಹಿನೀರೇ ಆಗಬೇಕು.

ಊರು ಕುಡಿಯುತ್ತಿದ್ದುದು ಹಳ್ಳದ ನೀರು. ಹಳ್ಳದ ಮರಳು ತೋಡಿ ಗುಂಡಿ ಮಾಡಿದರೆ ನೀರು ಒಸರುತ್ತದೆ. ಅದಕ್ಕೆ ವರತಿ ಅನ್ನುತ್ತೇವೆ.

ನಮ್ಮ ನೆಲದಲ್ಲಿ ಕಲ್ಲಿದ್ದಲಿಲ್ಲ. ಅದು ಮೂಡಣ ಸೀಮೆಯ ಗಣಿಗಳಿಂದ ರೈಲಿನಲ್ಲಿ ಬರುತ್ತಿತ್ತು. ಅಲ್ಲಿ ಗಣಿಯ ಹೊಲಸು ನೀರನ್ನು ಗದ್ದೆಗೆ ಬಿಡುತ್ತಾರೆಂದು ದುಡಿಯಲು ಹೋಗಿ ಬಂದ ನಮ್ಮ ಕಡೆಯ ದಾಮರಗಿದ್ದದ ಜನ ಹೇಳುತ್ತಿದ್ದರು. ನಾವು ಕೇಳಿ ಬೀಡಿ ಸೇದಿದೆವು. ಆಮೇಲೆ ಒಬ್ಬ ಗುತ್ತೇದಾರ ನಮ್ಮ ಸ್ಟೇಷನ್ನಿನ ಪಕ್ಕಕ್ಕೇ ಕಲ್ಲಿದ್ದಲ ಗುಡ್ಡೆ ಹಾಕಿದ. ಹತ್ತಿ ಗಿರಣಿಗಳಿಗೆ ಮಾರಲು ಪುಡಿಯನ್ನು ಹಳ್ಳದ ಮೇಲ್ಗಡೆ ತೊಳೆಸಿದ. ವರತಿಗೆ ಕರಿ ಕೆನೆ ಕಟ್ಟಿತು. ಉಳ್ಳಾಗಡ್ಡಿ ನೆಲದಲ್ಲೇ ಕೊಳೆಯಿತು. ಮಕ್ಕಳಿಗೆ ಹೊಟ್ಟೆನೋವು ಹತ್ತಿತು.

ಅರ್ಜಿ ಹಾಕಿದೆವು. ನೀರು ಪರೀಕ್ಷೆ ಮಾಡಲು ಸಾಹೇಬರು ಬರುತ್ತಾರೆಂದು ಹುಕುಂ ಬಂತು. ಆ ವಾರ ಗುತ್ತೇದಾರ ತೊಳೆಯುವುದನ್ನು ನಿಲ್ಲಿಸಿದ. ಮೇಲೆ ಹರಿಯುವ ನೀರು ತಿಳಿಯಾಯಿತು. ಹೊಲಸೆಲ್ಲ ಮರಳಿನಲ್ಲಿತ್ತು, ವರತಿಯಲ್ಲಿತ್ತು. ಅದನ್ನು ತೋರಿಸಬೇಕಿತ್ತು.

ಅವತ್ತು ಬೆಳಿಗ್ಗೆ, ಅರ್ಜಿಗೆ ಮೊದಲ ಸಹಿ ಹಾಕಿದ್ದ ಊರ ಜಂಗಮರು ಮಹಾಂತಯ್ಯನವರು ಅರವಟಿಗೆಗೆ ಬಂದರು.

"ಗುರುಲಿಂಗವ್ವ, ಇವತ್ತೊಂದಿನ ಗಡಿಗ್ಯಾಗ ವರತಿ ನೀರು ತುಂಬು. ಸಾಹೇಬ್ರು ಕುಡದು ನೋಡ್ಲಿ."

"ಅಯ್ನೋರ, ನೀವ ಹಿಂಗಂದ್ರ ಹೆಂಗ್ರಿ? ನೀರಡಿಸಿ ಬಂದವ್ರಿಗೆ ಆ ಹೊಲಸು ಕುಡಸ್ಲೇನು? ನಮ್ಮತ್ತಿ ಹುಗದ ಕುಣ್ಯಾಗಿಂದ ಎದ್ದು ಬಂದು ಕಪಾಳಕ್ಕ ಹೊಡಿತಾಳ."

ಕಲ್ಲಿದ್ದಲು ತೊಳೆಯುವ ಕೂಲಿಯ ಪೆಂಟಮ್ಮ ಅಲ್ಲೇ ಕೂತಿದ್ದಳು. "ಕುಡಸಬೇ ಯವ್ವಾ. ನಾವು ದಿನಾ ಕುಡಿಯಾಕತ್ತಿಲ್ಲೇನು? ಸಾಹೇಬ್ರ ಹೊಟ್ಟಿ ಬೆಳ್ಳಿದೈತೇನು?"

"ನೀ ಸುಮ್ನಿರು. ನೀ ತೊಳದ ಹೊಲಸ ಅದು."

"ತೊಳೀದಿದ್ರ ನನ್ನ ಒಲಿ ನೀ ಹಚ್ಚತೀಯೇನು?"

ಕೊನೆಗೆ ಒಂದು ಒಪ್ಪಂದವಾಯಿತು. ಗಡಿಗೆಗಳಲ್ಲಿ ಮಠದ ನೀರು, ಪಕ್ಕಕ್ಕೆ ಒಂದು ತಂಬಿಗೆ ವರತಿ ನೀರು. ಸಾಹೇಬರು ಕೂತ ಮೇಲೆ ಮಹಾಂತಯ್ಯನವರು ತಂಬಿಗೆ ಎತ್ತಿ ತೋರಿಸುವುದು.

ನಡು ಮಧ್ಯಾಹ್ನ ಸಾಹೇಬರ ಟಾಂಗಾ ಬಂತು. ಹಳ್ಳವನ್ನು ಟಾಂಗಾದಿಂದಲೇ ನೋಡಿದರು. ಬೇವಿನ ನೆರಳಿಗೆ ಬಂದು ಬೂಟು ಬಿಚ್ಚಿ ಕಾಲು ಚಾಚಿದರು. ಕಾಲ ತುಂಬ ಧೂಳು.

ಮನೆಗೆ ಬಂದವರ ಕಾಲಿಗೆ ಮೊದಲು ನೀರು, ಮಾತು ಆಮೇಲೆ. ಮಹಾಂತಯ್ಯನವರ ಕೈಗೆ ಹುಟ್ಟಿನಿಂದ ಗೊತ್ತಿದ್ದುದು ಅದು. ಬಗ್ಗಿದರು, ಕೈಗೆ ಸಿಕ್ಕ ತಂಬಿಗೆ ಎತ್ತಿದರು, ಸಾಹೇಬರ ಕಾಲಿಗೆ ಸುರಿದರು. ಧೂಳಿನ ಕಾಲಿನಿಂದ ಕರಿ ನೀರು ಇಳಿದರೆ ಯಾರು ಏನಂದುಕೊಳ್ಳುತ್ತಾರೆ?

"ಅಯ್ನೋರ, ಆ ತಂಬಿಗಿ..." ಅಂದಳು ಪೆಂಟಮ್ಮ. ತಂಬಿಗೆ ಆಗಲೇ ಖಾಲಿ.

ಸಾಹೇಬರು ಕುಡಿಯಲು ನೀರು ಕೇಳಿದರು. ಗುರುಲಿಂಗಮ್ಮ ಗಡಿಗೆಯ ಬಟ್ಟೆ ಸರಿಸಿ ಬೊಗಸೆಗೆ ಹೊಯ್ದಳು. ಸಾಹೇಬರು ಕುಡಿದರು. ಮತ್ತೆ ಕುಡಿದರು.

"ವಾಹ್, ಮೀಠಾ ಪಾನಿ! ಇದು ಈ ಊರ ನೀರೇನಮ್ಮಾ?"

"ಹೌದ್ರಿ ಯಪ್ಪಾ, ನಮ್ಮೂರ ನೀರ." ಮಠದ ಬಾವಿ ನಮ್ಮೂರ ಸರಹದ್ದಿನಲ್ಲೇ ಇತ್ತು. ಅವಳು ಸುಳ್ಳು ಹೇಳಲಿಲ್ಲ. ಸಾಹೇಬರು ಬೂಟು ಮೆಟ್ಟಿ ಟಾಂಗಾ ಹತ್ತಿದರು.

"ಅಲ್ರಿ ಸಾಹೇಬ್ರ, ಇದು ಬ್ಯಾರೆ ಬಾವೀದ್ರಿ," ಅಂತ ಮಹಾಂತಯ್ಯನವರು ಟಾಂಗಾದ ಹಿಂದೆ ಓಡಿದರು. "ನಾನೇ ಕುಡಿದೆನಲ್ಲ," ಅಂದರು ಸಾಹೇಬರು. ಟಾಂಗಾ ಹೋಯಿತು.

ಮಳೆಗಾಲಕ್ಕೆ ಮುಂಚೆ ಹುಕುಂ ಬಂತು. ಮಹಾಂತಯ್ಯನವರು ಅರವಟಿಗೆಯ ಮುಂದೆಯೇ ನಿಂತು ಹೇಳಿದರು: ಸಾಹೇಬರು ಖುದ್ದು ಕುಡಿದು ನೋಡಿದ್ದಾರೆ, ನೀರು ಸಿಹಿ, ಅರ್ಜಿ ವಜಾ. ಗುರುಲಿಂಗಮ್ಮ ಗಡಿಗೆಗೆ ಬಟ್ಟೆ ಕಟ್ಟುತ್ತಿದ್ದಳು. ಗಂಟು ಪೂರ್ತಿ ಹಾಕಿದಳು.

"ಮತ್ತೇನೈತ್ರಿ ಅದ್ರಾಗ?"

"ಅಷ್ಟ."

"ಹಂಗಾರ ನೀರು ತರಾಕ ಹೋಗ್ತೀನ್ರಿ."

ಯಾರೂ ಅವಳನ್ನು ಬೈಯಲಿಲ್ಲ. ಅಯ್ಯನವರನ್ನೂ ಬೈಯಲಿಲ್ಲ. ಬೈಯುವವರ ಕೈಯೂ ಅದನ್ನೇ ಮಾಡುತ್ತಿತ್ತು. ಗುತ್ತೇದಾರ ಮಾರನೆಯ ದಿನವೇ ತೊಳೆಸಲು ಶುರು ಮಾಡಿದ. ಪೆಂಟಮ್ಮ ಕೂಲಿಗೆ ಹೋದಳು.

ಮುಂದಿನ ಬೇಸಿಗೆಗೆ ಇಡೀ ಊರು ಕೊಡ ಹೊತ್ತು ಮಠದ ಬಾವಿಗೇ ಬಂತು. ಬಾವಿ ಯುಗಾದಿಗೆಲ್ಲ ಕೆಸರಾಯಿತು. ಗುರುಲಿಂಗಮ್ಮ ಗಡಿಗೆಗಳನ್ನು ಬೋರಲು ಹಾಕಿದಳು. ಆದರೂ ದಿನಾ ಬಂದು ಮರದ ಕೆಳಗೆ ಕೂರುತ್ತಿದ್ದಳು. ಯಾರಾದರೂ ನೀರು ಕೇಳಿದರೆ, "ಮುಂದ ಹೋಗ್ರಿ, ಇಲ್ಲಿಲ್ಲ," ಅನ್ನುತ್ತಿದ್ದಳು. ಅಳಲಿಲ್ಲ. ಆ ಮಾತು ಹೇಳಲಿಕ್ಕೇ ಬರುತ್ತಿದ್ದಳು ಅಂತ ಕಾಣುತ್ತದೆ. ಸಾಯುವವರೆಗೂ ಬಂದಳು.

ನಿಮ್ಮೂರಿಗೂ ನೀರು ನೋಡಲು ಯಾರಾದರೂ ಬರುತ್ತಾರೆ. ನೆರಳಿಗೆ ಕೂತು ಕಾಲು ಚಾಚುತ್ತಾರೆ. ಒಳ್ಳೆಯ ನೀರಿನ ಗಡಿಗೆಗೆ ಕೈ ಹಾಕಬೇಡಿ. ನಿಮ್ಮ ಮಕ್ಕಳು ಕುಡಿಯುವುದನ್ನೇ ಅವರ ಬಾಯಿಗೆ ಹಿಡಿಯಿರಿ, ನುಂಗುವವರೆಗೆ ಎದುರಿಗೆ ನಿಲ್ಲಿ. ಮರ್ಯಾದೆ ಹೋದರೆ ಹೋಗಲಿ. ಗುರುಲಿಂಗಮ್ಮನ ಬಾಕಿ ಇನ್ನು ನೀವೇ ವಸೂಲು ಮಾಡಬೇಕು. ಮಾಡುತ್ತೀರೋ, ಕಾಲಿಗೆ ಸುರಿಯುತ್ತೀರೋ?